ಮಹಾಪಧಮನಿ ಆಪರೇಷನ್‌ಗೆ ಮುನ್ನ ಬೆನ್ನುಹುರಿಯ ರಕ್ತನಾಳವನ್ನು ಏಕೆ ಹುಡುಕುತ್ತಾರೆ?

ಎದೆಯಿಂದ ಹೊಟ್ಟೆಗೆ ಇಳಿಯುವ ಮಹಾಪಧಮನಿ ಉಬ್ಬಿದಾಗ ಅದನ್ನು ಅನ್ಯೂರಿಸಂ ಎನ್ನುತ್ತಾರೆ. ಇದರ ಆಪರೇಷನ್‌ಗೆ ಸಹಿ ಹಾಕುವ ಒಪ್ಪಿಗೆ ಪತ್ರದಲ್ಲಿ ‘ಎರಡೂ ಕಾಲುಗಳ ಬಲ ಹೋಗುವ ಸಾಧ್ಯತೆ’ ಎಂಬ ಸಾಲು ಇರುತ್ತದೆ. ರೋಗ ಇರುವುದು ರಕ್ತನಾಳದಲ್ಲಿ, ಕಾಲಿಗೇಕೆ ತೊಂದರೆ ಎಂದು ಮನೆಯವರು ಗಾಬರಿಯಾಗುತ್ತಾರೆ. ಕಾರಣ ಬೆನ್ನುಹುರಿಗೆ ರಕ್ತ ಬರುವ ದಾರಿಯಲ್ಲಿದೆ.

ಬೆನ್ನುಹುರಿಯ ಮುಂಭಾಗದಲ್ಲಿ ಒಂದು, ಹಿಂಭಾಗದಲ್ಲಿ ಎರಡು ಸಣ್ಣ ರಕ್ತನಾಳಗಳು ಉದ್ದಕ್ಕೂ ಇಳಿಯುತ್ತವೆ. ಕಾಲುಗಳನ್ನು ಆಡಿಸುವ ನರಗಳಿಗೆ ಮುಂಭಾಗದ್ದೇ ಮುಖ್ಯ ಆಸರೆ. ಅದಕ್ಕೆ ಮಹಾಪಧಮನಿಯ ಕವಲುಗಳಿಂದ ಅಲ್ಲಲ್ಲಿ ರಕ್ತ ಸೇರುತ್ತದೆ. ಬೆನ್ನಿನ ಕೆಳಭಾಗದಲ್ಲಿ ಹೀಗೆ ಸೇರುವ ಅತಿ ದೊಡ್ಡ ಕವಲಿನ ಹೆಸರು ಆಡಮ್‌ಕೀವಿಚ್ ಧಮನಿ. ಪೋಲೆಂಡ್ ಮೂಲದ ವೈದ್ಯ ಆಲ್ಬರ್ಟ್ ಆಡಮ್‌ಕೀವಿಚ್ 1880ರ ದಶಕದ ಆರಂಭದಲ್ಲಿ ಇದನ್ನು ವಿವರಿಸಿದರು. ಅತಿ ದೊಡ್ಡದು ಎಂದರೂ ಇದರ ಅಗಲ ಸುಮಾರು 1 ಮಿಲಿಮೀಟರ್ ಮಾತ್ರ. ಹೆಚ್ಚಿನವರಲ್ಲಿ ಇದು ಎಡಗಡೆಯಿಂದ, ಎದೆಯ 8ನೇ ಮೂಳೆಯಿಂದ ಸೊಂಟದ 1 ಅಥವಾ 2ನೇ ಮೂಳೆಯ ಮಟ್ಟದ ನಡುವೆ ಎಲ್ಲೋ ಒಂದು ಕಡೆ ಹೊರಡುತ್ತದೆ. ನಿಖರವಾಗಿ ಎಲ್ಲಿ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ತರಹ. ಹಾಗಾಗಿಯೇ ಹುಡುಕಬೇಕಾಗುತ್ತದೆ.

ತೆರೆದ ಆಪರೇಷನ್‌ನಲ್ಲಿ ಉಬ್ಬಿದ ಭಾಗ ತೆಗೆದು ಕೃತಕ ನಾಳ ಜೋಡಿಸುವಾಗ ಈ ಕವಲು ಕಡಿದುಹೋಗಬಹುದು. ತೊಡೆಸಂದಿಯಿಂದ ಸ್ಟೆಂಟ್ ಗ್ರಾಫ್ಟ್ ಕೂರಿಸಿದರೆ ಅದರ ಬಾಯಿ ಮುಚ್ಚಿಹೋಗಬಹುದು. ಆಗ ಕಾಲುಗಳ ಬಲ, ಮೂತ್ರದ ಹಿಡಿತ ಎರಡಕ್ಕೂ ಅಪಾಯ. ನಮ್ಮ ಕಡೆ ಇದನ್ನೂ ‘ಲಕ್ವಾ’ ಎಂದೇ ಕರೆಯುತ್ತಾರೆ. ಆದರೆ ಇದು ಮಿದುಳಿನ ಲಕ್ವಾ ಅಲ್ಲ. ಮಾತು, ನೆನಪು ಸರಿಯಾಗಿಯೇ ಇರುತ್ತದೆ.

ಯಾವ ಸ್ಕ್ಯಾನ್?

ಸಾಮಾನ್ಯವಾಗಿ ಸಿಟಿ ಆಂಜಿಯೋಗ್ರಾಮ್. ಮಹಾಪಧಮನಿಗಾಗಿ ಹೇಗೂ ಅದನ್ನು ಮಾಡುತ್ತಾರೆ. ತೆಳು ಪದರಗಳಲ್ಲಿ ತೆಗೆದರೆ ಅದರಲ್ಲೇ ಈ ಸಣ್ಣ ನಾಳವೂ ಕಾಣಬಹುದು. ಅದು ಬೆನ್ನುಹುರಿ ಮುಟ್ಟುವಲ್ಲಿ ತಲೆಗೆ ಹಾಕುವ ಹೇರ್‌ಪಿನ್‌ನಂತೆ ಬಾಗಿರುತ್ತದೆ. ತೊಡಕೆಂದರೆ, ಪಕ್ಕದ ಒಂದು ಅಭಿಧಮನಿಯೂ ಹೀಗೇ ಬಾಗುತ್ತದೆ. ನೋಡಿದ್ದು ಧಮನಿಯೇ ಎಂದು ಹೇಳಲು ಅದು ಮಹಾಪಧಮನಿಯವರೆಗೆ ಕಡಿಯದೆ ಸಾಗುವುದು ಕಾಣಬೇಕು. ಎಂಆರ್ ಆಂಜಿಯೋಗ್ರಾಮ್‌ನಲ್ಲಿ ವಿಕಿರಣ ಇಲ್ಲ, ಆದರೆ ಹೆಚ್ಚು ಹೊತ್ತು ಅಲುಗಾಡದೆ ಮಲಗಬೇಕು. ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಿ. ಕ್ಯಾಥೆಟರ್ ತೂರಿಸಿ ಮಾಡುವ ಆಂಜಿಯೋಗ್ರಾಮ್ ಎಲ್ಲಕ್ಕಿಂತ ಸ್ಪಷ್ಟ. ಆದರೆ ರೋಗಗ್ರಸ್ತ ಮಹಾಪಧಮನಿಯ ಒಳಗೆ ತಂತಿ ಆಡಿಸುವುದರಲ್ಲೇ ಅಪಾಯವಿರುವುದರಿಂದ ಅದನ್ನು ಎಲ್ಲರಿಗೂ ಮಾಡುವುದಿಲ್ಲ.

ನಾಳ ಕಾಣಲಿಲ್ಲವೆಂದು ವರದಿ ಬಂದರೆ ಎದೆಗುಂದಬೇಡಿ. ಬೆನ್ನುಹುರಿಗೆ ಮೇಲಿನಿಂದ ಕುತ್ತಿಗೆ ಮತ್ತು ತೋಳಿನ ನಾಳಗಳಿಂದ, ಕೆಳಗಿನಿಂದ ಸೊಂಟದ ನಾಳಗಳಿಂದ, ಬೆನ್ನಿನ ಸ್ನಾಯುಗಳಿಂದಲೂ ರಕ್ತ ಬರುತ್ತದೆ. ಒಂದು ಕಾಲುವೆ ಕಟ್ಟಿದರೆ ಹೊಲಕ್ಕೆ ಬೇರೆ ಕಾಲುವೆಗಳಿಂದ ನೀರು ಹರಿದ ಹಾಗೆ. ಈ ಕಾರಣಕ್ಕೇ ಎಲ್ಲ ಶಸ್ತ್ರವೈದ್ಯರೂ ಆ ಒಂದು ನಾಳದ ಹಿಂದೆ ಬೀಳುವುದಿಲ್ಲ. ಸ್ಕ್ಯಾನ್ ಒಂದು ನಕ್ಷೆ ಅಷ್ಟೇ, ಅದೊಂದೇ ಕಾಲುಗಳನ್ನು ಕಾಯುವುದಿಲ್ಲ. ಆಪರೇಷನ್ ಅನ್ನು ಎರಡು ಹಂತಗಳಲ್ಲಿ ಮಾಡುವುದು, ರಕ್ತದೊತ್ತಡ ಕಾಪಾಡುವುದು, ಸೊಂಟದಲ್ಲಿ ಸಣ್ಣ ನಳಿಕೆಯಿಟ್ಟು ಬೆನ್ನುಹುರಿಯ ಸುತ್ತಲಿನ ದ್ರವವನ್ನು ಹೊರಬಿಡುವುದು ಇವೂ ಬೇಕು. ತೆರೆದ ಆಪರೇಷನ್ ಆದ 145 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಳಿಕೆ ಇಲ್ಲದವರಲ್ಲಿ ಶೇ. 13 ಮಂದಿಗೆ ಕಾಲಿನ ಬಲ ಕುಂದಿತ್ತು, ನಳಿಕೆ ಇದ್ದವರಲ್ಲಿ ಶೇ. 2.6 ಮಂದಿಗೆ ಮಾತ್ರ.

ಔಷಧಿಗಳ ವಿಷಯ

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರಿನಿಂದ ಹೈದರಾಬಾದಿಗೆ ಬರುವವರು ಊರಿನ ಡಾಕ್ಟರ ಚೀಟಿ ಒಂದು, ಇಲ್ಲಿನದು ಇನ್ನೊಂದು ಹಿಡಿದಿರುತ್ತಾರೆ. ಪಂಜಗುಟ್ಟದ ನಿಮ್ಸ್ ಇರಲಿ, ಖಾಸಗಿ ಆಸ್ಪತ್ರೆ ಇರಲಿ, ಚೀಟಿಗಳ ಜೊತೆ ಮಾತ್ರೆಯ ಪಟ್ಟಿಗಳನ್ನೇ ತನ್ನಿ. ತೆಲುಗು, ಹಿಂದಿ ಬಾರದಿದ್ದರೂ ಮಾತ್ರೆಯ ಹೆಸರು ಎಲ್ಲರಿಗೂ ಅರ್ಥವಾಗುತ್ತದೆ.

ಸಿಟಿಗೆ ಕೊಡುವ ಅಯೋಡಿನ್ ಔಷಧದಿಂದ ಮೈ ಬೆಚ್ಚಗಾಗುವುದು ಸಹಜ. ಹಿಂದೆ ಅದರಿಂದ ದದ್ದು, ಉಸಿರಾಟದ ತೊಂದರೆ ಆಗಿದ್ದರೆ ಹೇಳಲೇಬೇಕು. ಕ್ರಿಯಾಟಿನಿನ್ ವರದಿ ಜೊತೆಗಿರಲಿ. ಕಿಡ್ನಿ ಚೆನ್ನಾಗಿದ್ದರೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಅನ್ನು ಸಾಮಾನ್ಯವಾಗಿ ನಿಲ್ಲಿಸಬೇಕಿಲ್ಲ. ಕಿಡ್ನಿ ದುರ್ಬಲವಾಗಿದ್ದರೆ ನಿಲ್ಲಿಸಿ, 48 ಗಂಟೆಗಳ ಬಳಿಕ ಮತ್ತೆ ಪರೀಕ್ಷೆ ಮಾಡಿ ಶುರು ಮಾಡಿಸುತ್ತಾರೆ. ಆ ದಿನಗಳಲ್ಲಿ ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆಯನ್ನು ಅಂಗಡಿಯಿಂದ ನೀವೇ ಕೊಂಡು ನುಂಗಬೇಡಿ.

ಸೊಂಟಕ್ಕೆ ನಳಿಕೆ ಇಡುವುದಾದರೆ ರಕ್ತ ತೆಳುಮಾಡುವ ಮಾತ್ರೆಗಳ ಲೆಕ್ಕ ಬಹಳ ಮುಖ್ಯ. ಕ್ಲೋಪಿಡೋಗ್ರೆಲ್ ಅನ್ನು ಸಾಮಾನ್ಯವಾಗಿ 5ರಿಂದ 7 ದಿನ ಮೊದಲು, ವಾರ್ಫರಿನ್ ಅನ್ನು ಸುಮಾರು 5 ದಿನ ಮೊದಲು ನಿಲ್ಲಿಸಲು ಹೇಳುತ್ತಾರೆ. ಹೃದಯದಲ್ಲಿ ಸ್ಟೆಂಟ್ ಇದ್ದವರು ತಾವಾಗಿ ನಿಲ್ಲಿಸಿದರೆ ಅದೇ ಪ್ರಾಣಕ್ಕೆ ಕುತ್ತು. ಇನ್ನೊಂದು ಮಾತು: ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಗುಂಪಿನ ಆಂಟಿಬಯಾಟಿಕ್‌ಗಳನ್ನು ಬೇರೆ ದಾರಿ ಇದ್ದಾಗ ಮಹಾಪಧಮನಿ ಉಬ್ಬಿದವರಿಗೆ ಕೊಡಬಾರದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರ್‌ನಲ್ಲಿ ಎಚ್ಚರಿಸಿದೆ. ಜ್ವರ, ಉರಿಮೂತ್ರಕ್ಕೆ ಯಾರು ಚೀಟಿ ಬರೆದರೂ ಅನ್ಯೂರಿಸಂ ಇದೆಯೆಂದು ಮೊದಲು ಹೇಳಿ.

ಆಪರೇಷನ್ ಆದ ಮೇಲೆ

ನಳಿಕೆ ಇರುವಾಗ ನರ್ಸ್‌ಗೆ ಹೇಳದೆ ರೋಗಿಯನ್ನು ಎಬ್ಬಿಸಿ ಕೂರಿಸಬೇಡಿ, ಹಾಸಿಗೆಯ ತಲೆಭಾಗ ಏರಿಸಬೇಡಿ. ದ್ರವ ಒಮ್ಮೆಗೇ ಹೆಚ್ಚು ಹರಿದರೆ ತಲೆಯೊಳಗೆ ರಕ್ತಸ್ರಾವ ಆಗಬಹುದು.

ಕಾಲು ಚೆನ್ನಾಗಿಯೇ ಆಡುತ್ತಿದ್ದು, ಗಂಟೆಗಳ ಅಥವಾ ದಿನಗಳ ನಂತರ ಬಲ ಕುಂದುವುದೂ ಉಂಟು. ರಕ್ತದೊತ್ತಡ ಇಳಿದಾಗ ಹೀಗಾಗುವುದು ಹೆಚ್ಚು. ಆಪರೇಷನ್‌ಗೆ ಮುಂಚೆ ಬಿಪಿ ಕಡಿಮೆ ಇರಬೇಕು ಎಂದವರೇ ಆಮೇಲೆ ಸ್ವಲ್ಪ ಹೆಚ್ಚಿರಲಿ ಎನ್ನುವುದು ಇದಕ್ಕೇ. ಆದ್ದರಿಂದ ಮನೆಗೆ ಹೋದ ಮೇಲೆ ಹಳೇ ಚೀಟಿಯ ಬಿಪಿ ಮಾತ್ರೆಗಳನ್ನು ಅಭ್ಯಾಸಬಲದಿಂದ ಶುರು ಮಾಡಬೇಡಿ. ಡಿಸ್ಚಾರ್ಜ್ ಪತ್ರದಲ್ಲಿ ಇರುವುದನ್ನಷ್ಟೇ ಕೊಡಿ. ಕಾಲು ಭಾರವೆನಿಸಿದರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಬೆಳಗಾಗಲಿ ಎಂದು ಕಾಯದೆ ಆ ಕ್ಷಣವೇ ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ. ಮೊದಲ ಗಂಟೆಗಳಲ್ಲಿ ಬಿಪಿ ಏರಿಸಿ, ದ್ರವ ಹೊರಬಿಟ್ಟರೆ ಬಲ ಮರಳುವ ಸಾಧ್ಯತೆ ಇದೆ.