ಮಕ್ಕಳ ಮಾತುಕಲಿಕೆ ಮತ್ತು ಭಾಷಾ ತೊಡಕು: ಅಧ್ಯಯನದ ಚರಿತ್ರೆ

ಮಕ್ಕಳ ಮಾತುಕಲಿಕೆ: ಮಗು ತನ್ನ ಸುತ್ತಲಿನವರ ನುಡಿಯನ್ನು ಯಾರೂ ಕೂರಿಸಿ ಹೇಳಿಕೊಡದೆ ತನ್ನದಾಗಿಸಿಕೊಳ್ಳುವ ಬೆಳವಣಿಗೆ. ಹೆಚ್ಚಿನ ಮಕ್ಕಳು ವರ್ಷ ತುಂಬುವ ಹೊತ್ತಿಗೆ ಮೊದಲ ಪದ ಆಡುತ್ತಾರೆ, ಎರಡರ ಸುಮಾರಿಗೆ ಎರಡು ಪದ ಜೋಡಿಸುತ್ತಾರೆ, ಶಾಲೆ ಸೇರುವಷ್ಟರಲ್ಲಿ ಕಥೆ ಹೇಳುತ್ತಾರೆ. ಕಿವುಡು, ಆಟಿಸಂ, ಬೌದ್ಧಿಕ ನ್ಯೂನತೆಯಂಥ ಕಾರಣ ಯಾವುದೂ ಇಲ್ಲದೆ ಕೆಲವು ಮಕ್ಕಳಲ್ಲಿ ಇದು ಕುಂಟುತ್ತದೆ, ತಾನಾಗಿ ಸರಿಹೋಗುವುದೂ ಇಲ್ಲ. ಅದಕ್ಕೆ ಬೆಳವಣಿಗೆಯ ಭಾಷಾ ತೊಡಕು ಎಂದು ಹೆಸರು. ಕನ್ನಡ ಮಕ್ಕಳನ್ನು ಕುರಿತ ಅಧ್ಯಯನ ಬಹುಪಾಲು ಮೈಸೂರು, ಬೆಂಗಳೂರು, ಮಣಿಪಾಲಗಳಲ್ಲಿ ನಡೆದಿದೆ. ಅದು ಗಡಿಯಾಚೆಯ ಕನ್ನಡ ಮಗುವಿಗೆ ಎಷ್ಟು ಒಪ್ಪುತ್ತದೆ ಎಂದು ನೋಡಲು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಉದ್ದನಪಲ್ಲಿ ಒಳ್ಳೆಯ ಒರೆಗಲ್ಲು. ಹೊಸೂರು–ರಾಯಕೋಟೆ ರಸ್ತೆಯ ಮೇಲಿನ ಈ ಊರಿನ ಸೀಮೆಯಲ್ಲಿ ಎಷ್ಟೋ ಮಕ್ಕಳಿಗೆ ಮನೆಯೊಳಗೆ ಕನ್ನಡ ಇಲ್ಲವೇ ತೆಲುಗು, ಸಂತೆಯಲ್ಲಿ ಮೂರೂ, ಶಾಲೆಯಲ್ಲಿ ತಮಿಳು.

ಅಧ್ಯಯನ ಹುಟ್ಟುವ ಮೊದಲೂ ಜನ ಮಾತಿನ ತಡವನ್ನು ಗಮನಿಸದೆ ಇರಲಿಲ್ಲ. ಬಜೆಯ ಬೇರನ್ನು ಸುಟ್ಟು, ತೇದು, ಒಂದು ಬೊಟ್ಟು ಕೂಸಿನ ನಾಲಿಗೆಗೆ ಸವರುವ ರೂಢಿ ಮೂರೂ ನುಡಿಯವರ ಮನೆಗಳಲ್ಲಿದೆ. ತೆಲುಗರಿಗೆ ಅದು ವಸ, ತಮಿಳರಿಗೆ ವಸಂಬು. ಹೆಸರೆತ್ತಬಾರದೆಂದು ತಮಿಳಿನಲ್ಲಿ ‘ಪೇರ್ ಸೊಲ್ಲಾ ಮರುಂದು’ ಎಂದೂ ಕರೆಯುವುದುಂಟು. ವಟಗುಟ್ಟುವ ಮಗುವಿಗೆ ತೆಲುಗರು ಇಟ್ಟ ಹೆಸರು ‘ವಸಪಿಟ್ಟ’. ಬಜೆಯಿಂದ ಮಾತು ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆದರೆ “ಇವರಪ್ಪನಿಗೂ ಮಾತು ತಡವಾಗೇ ಬಂದಿದ್ದು” ಎನ್ನುವ ಅಜ್ಜಿಯ ಮಾತಿನಲ್ಲಿ ಹುರುಳಿದೆ. ಭಾಷಾ ತೊಡಕು ಮನೆತನದಲ್ಲಿ ಹರಿದುಬರುವುದನ್ನು ಸಂಶೋಧನೆಯೂ ಕಂಡಿದೆ. ಅಜ್ಜಿ ಅದನ್ನು ಸಮಾಧಾನಕ್ಕೆ ಹೇಳುತ್ತಾಳೆ, ತಜ್ಞರು ಎಚ್ಚರಿಕೆಗೆ ಹೇಳುತ್ತಾರೆ, ಅಷ್ಟೇ ವ್ಯತ್ಯಾಸ.

ಯುರೋಪಿನಲ್ಲಿ ಈ ವಿದ್ಯೆ ಅಪ್ಪಂದಿರ ದಿನಚರಿಯಿಂದ ಶುರುವಾಯಿತು. ಜರ್ಮನಿಯ ಡೀಟ್ರಿಷ್ ಟೀಡೆಮಾನ್ ತನ್ನ ಮಗನನ್ನು ನೋಡಿ ಬರೆದದ್ದು 1787ರಲ್ಲಿ ಅಚ್ಚಾಯಿತು. 1958ರಲ್ಲಿ ಅಮೆರಿಕದ ಜೀನ್ ಬರ್ಕೊ ‘ವಗ್’ ಎಂಬ ಇಲ್ಲದ ಹಕ್ಕಿಯ ಚಿತ್ರ ತೋರಿಸಿ, ಅದು ಎರಡಾದರೆ ಏನೆನ್ನುತ್ತೀರಿ ಎಂದು ಮಕ್ಕಳನ್ನು ಕೇಳಿದರು. ಹಿಂದೆಂದೂ ಕೇಳದ ಪದಕ್ಕೂ ಮಕ್ಕಳು ಸರಿಯಾದ ಬಹುವಚನ ಹಚ್ಚಿದರು. ಮಗು ಗಿಳಿಪಾಠ ಒಪ್ಪಿಸುವುದಿಲ್ಲ, ಒಳಗೇ ನಿಯಮ ಕಟ್ಟಿಕೊಳ್ಳುತ್ತದೆ ಎಂಬುದಕ್ಕೆ ಇಂದಿಗೂ ಇದನ್ನೇ ಮೊದಲು ಉದಾಹರಿಸುತ್ತಾರೆ.

ಕನ್ನಡ ನಾಡಿನಿಂದ ಈ ವಿದ್ಯೆಗೆ ಸಂದ ಮೊದಮೊದಲ ಬರಹಗಳಲ್ಲಿ ಡಿ.ಎನ್. ಶಂಕರ ಭಟ್ಟರು 1967ರಲ್ಲಿ ಶಿಶುನುಡಿಯ ಪದಗಳ ಬಗ್ಗೆ ಇಂಗ್ಲಿಷಿನಲ್ಲಿ ಪ್ರಕಟಿಸಿದ ಸಣ್ಣ ಲೇಖನವೂ ಒಂದು. ಕೂಸಿನೊಡನೆ ಆಡುವಾಗ ದೊಡ್ಡವರು ಊಟಕ್ಕೆ ಮಮ್ಮು ಇಲ್ಲವೇ ಬುವ್ವ, ನಿದ್ದೆಗೆ ತಾಚಿ ಎಂದು ಬೇರೆಯದೇ ಪದಕೋಶ ತೆಗೆಯುತ್ತಾರಲ್ಲ, ಅದೇ ಆ ಲೇಖನದ ವಿಷಯ. ಮಮ್ಮು, ತಾಚಿ ತಮಿಳಿನಲ್ಲೂ ನಡೆಯುತ್ತವೆ, ಬುವ್ವ ತೆಲುಗಿನಲ್ಲೂ ನಡೆಯುತ್ತದೆ. ಹೊಸೂರು ಸೀಮೆಯ ಕೂಸು ಮೊದಲು ಕಲಿಯುವ ಪದಗಳಿಗೆ ರಾಜ್ಯದ ಗಡಿಯೇ ಇಲ್ಲ.

ತೊಡಕಿನ ಅಧ್ಯಯನಕ್ಕೆ ನೆಲೆ ಸಿಕ್ಕಿದ್ದು ಮೈಸೂರಿನಲ್ಲಿ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಕಟ್ಟಡಕ್ಕೆ ಮರುವರ್ಷ ಮಾನಸಗಂಗೋತ್ರಿಯಲ್ಲಿ ರಾಷ್ಟ್ರಪತಿ ಎಸ್. ರಾಧಾಕೃಷ್ಣನ್ ಅಡಿಗಲ್ಲು ಇಟ್ಟರು. ಜನರ ಬಾಯಲ್ಲಿ ಅದು ಬರೀ ‘ಸ್ಪೀಚ್ ಅಂಡ್ ಹಿಯರಿಂಗ್’. ಅಲ್ಲಿ ಮೊದಲು ಬೇಕಾದದ್ದು ಅಳತೆಗೋಲು. ಅಮೆರಿಕದ ಪರೀಕ್ಷೆಯಿಂದ ಕನ್ನಡ ಮಗುವಿನ ಮಾತು ಅಳೆಯಲಾಗದು. 1972ರಲ್ಲಿ ಬಂದ ಕನ್ನಡ ಉಚ್ಚಾರಣಾ ಪರೀಕ್ಷೆಯನ್ನು ರೂಪಿಸಿದವರಲ್ಲಿ ಎನ್. ರತ್ನ ಒಬ್ಬರು, ಮುಂದೆ ಸಂಸ್ಥೆಯ ನಿರ್ದೇಶಕರೂ ಆದ ಇವರನ್ನು ಕನ್ನಡಿಗರು ಹೆಚ್ಚಾಗಿ ಬಲ್ಲದ್ದು ರಂಗಭೂಮಿಯಿಂದ. 1980ರ ದಶಕದಲ್ಲಿ ಪ್ರತಿಭಾ ಕಾರಂತರು ಕನ್ನಡದ ಧ್ವನಿ, ಅರ್ಥ, ವಾಕ್ಯರಚನೆ ಮೂರನ್ನೂ ಒಳಗೊಂಡ ಭಾಷಾ ಪರೀಕ್ಷೆ ಸಿದ್ಧಪಡಿಸಿದರು. ವಾಕ್ಯ ಸರಿಯೋ ತಪ್ಪೋ ಎಂದು ಹೇಳುವ ಮಕ್ಕಳ ಶಕ್ತಿಗೂ ಓದುಬರಹದ ಕಲಿಕೆಗೂ ಇರುವ ನಂಟನ್ನು ತೋರಿಸಿದ ಅವರ ಕೆಲಸ ಮುಖ್ಯವಾದದ್ದು. 2000ರಲ್ಲಿ ಬೆಂಗಳೂರಿನಲ್ಲಿ ಅವರೇ ಸ್ಥಾಪಿಸಿದ ಕಾಮ್ ಡೀಲ್ ಟ್ರಸ್ಟ್ ಎಳೆಯ ಮಕ್ಕಳ ತರಬೇತಿಗೆ ಹೆಸರಾಗಿದೆ.

ಹೊರಗಿನ ವಿದ್ವಾಂಸರಿಗೆ ಕನ್ನಡ ಒದಗಿಬಂದದ್ದು ಒಂದು ಪ್ರತ್ಯಯದಿಂದಾಗಿ. ಬೀಳು–ಬೀಳಿಸು, ಏರು–ಏರಿಸು: ‘-ಇಸು’ ಬಂತೆಂದರೆ ಮಾಡಿಸುವವನು ಒಬ್ಬನಿದ್ದಾನೆ. ನಾಮಪದಗಳ ಲೆಕ್ಕವನ್ನು ಹಾಗೆ ನಂಬುವಂತಿಲ್ಲ, ಏಕೆಂದರೆ ಕನ್ನಡದಲ್ಲಿ ಅವನ್ನು ಬಿಟ್ಟೇ ಮಾತಾಡುತ್ತೇವೆ. 2003ರಲ್ಲಿ ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್, ಲೈಲಾ ಗ್ಲೈಟ್‌ಮನ್ ಮೂರು ವರ್ಷದ ಕನ್ನಡ ಮಕ್ಕಳ ಮುಂದೆ ಆಟಿಕೆ ಪ್ರಾಣಿಗಳನ್ನಿಟ್ಟು, ಹೇಳಿದಂತೆ ಆಡಿಸಿ ತೋರಿಸಿ ಎಂದರು. ‘ಕುದುರೆ ಮೊಸಳೆಯನ್ನು ಬೀಳುತ್ತದೆ’ ಎಂಬಂಥ ಎಡವಟ್ಟು ವಾಕ್ಯಕ್ಕೆ ಮಕ್ಕಳು ಕುದುರೆಯಿಂದ ಮೊಸಳೆಯನ್ನು ಬೀಳಿಸಿದರು. ‘ಕುದುರೆ ಬೀಳಿಸುತ್ತದೆ’ ಎಂದರೆ ಕುದುರೆಯನ್ನೇ ಉರುಳಿಸಿದರು. ಕಣ್ಣೆದುರಿನ ‘-ಇಸು’ ಬಿಟ್ಟು ನಾಮಪದ ಎಷ್ಟಿವೆ ಎಂದಷ್ಟೇ ಎಣಿಸಿದರು ಅಂತಾಯಿತು. ಹೀಗೆ ಎಣಿಸುವ ಒಲವು ಕೇಳಿ ಕಲಿತದ್ದಲ್ಲ, ಮಗು ಹುಟ್ಟುವಾಗಲೇ ತಂದದ್ದು ಎಂಬುದು ಸಂಶೋಧಕರ ವಾದ. ವಾದ ಇನ್ನೂ ತೀರ್ಮಾನವಾಗಿಲ್ಲ.

ಓದಿನ ಕಡೆ, ಬೆಂಗಳೂರಿನ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಕನ್ನಡದ ಅಕ್ಷರಮಾಲೆ ಕೈವಶವಾಗಲು ಹಲವು ತರಗತಿಗಳೇ ಹಿಡಿಯುತ್ತವೆಂದು ತೋರಿಸಿತು. ಕಾಗುಣಿತ, ಒತ್ತಕ್ಷರಗಳಲ್ಲಿ ತಡವರಿಸುವ ಎರಡನೇ ತರಗತಿಯ ಮಗುವಿಗೆ ಅವಸರದಲ್ಲಿ ರೋಗದ ಹೆಸರು ಹಚ್ಚುವವರು ಇದನ್ನು ಓದಬೇಕು.

ತೊಡಕಿಗೆ ಒಂದು ಒಪ್ಪಿತ ಹೆಸರು ಬಂದದ್ದೇ ಈಚೆಗೆ. ಬಹುಕಾಲ ನಿರ್ದಿಷ್ಟ ಭಾಷಾ ದೋಷ ಎನ್ನುತ್ತಿದ್ದರು. 2017ರಲ್ಲಿ ಡೊರೋಥಿ ಬಿಷಪ್ ಮುಂದಾಳುತನದ ತಜ್ಞರ ತಂಡ ಈಗಿನ ಹೆಸರನ್ನು ಗೊತ್ತುಮಾಡಿತು. ಅಮೆರಿಕದ ಅಯೋವಾದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಸಮೀಕ್ಷೆ ಐದರ ಆಸುಪಾಸಿನ ಮಕ್ಕಳಲ್ಲಿ 7.4%ರಷ್ಟು ಮಂದಿಗೆ ತೊಡಕಿದೆ ಎಂದಿತ್ತು. ತರಗತಿಗೆ ಇಬ್ಬರು ಎಂದು ಲೆಕ್ಕ ಇಟ್ಟುಕೊಳ್ಳಬಹುದು.

ಆ ಇಬ್ಬರನ್ನು ಉದ್ದನಪಲ್ಲಿಯಂಥ ಊರಿನಲ್ಲಿ ಹುಡುಕುವುದು ಹೇಗೆ? ಉಚ್ಚಾರಣಾ ಪರೀಕ್ಷೆಯ ಚಿತ್ರ ನೋಡಿ ಮಗು ‘ಹಸು’ ಎನ್ನಬೇಕು. ಹಳೇ ಮೈಸೂರಿನ ಹಳ್ಳಿಗಳಂತೆ ಇಲ್ಲಿನ ಆಡುಗನ್ನಡದಲ್ಲೂ ಹಕಾರ ಬಿದ್ದುಹೋಗುತ್ತದೆ: ಆಲು, ಅಸು, ಓಗು. ಅಮ್ಮ ‘ಅಸು’ ಎನ್ನುವ ಮನೆಯಲ್ಲಿ ಮಗು ‘ಅಸು’ ಎಂದರೆ ಅದು ತಪ್ಪಲ್ಲ, ಚೆನ್ನಾಗಿ ಕಲಿತಿದೆ ಎಂಬುದಕ್ಕೆ ಸಾಕ್ಷಿ. ಇನ್ನೊಂದು: ಮಗು ‘ಅಕ್ಕ ಬಂತು’ ಎನ್ನುತ್ತದೆ. ಪುಸ್ತಕದ ಪ್ರಕಾರ ‘ಬಂದಳು’ ಆಗಬೇಕು. ಲಿಂಗ ತಿಳಿಯದು ಎಂದು ಅಂಕ ಕಳೆಯಬಹುದು. ತೆಲುಗಿನಲ್ಲಿ ಅಕ್ಕನಿಗೂ ಹಸುವಿಗೂ ‘ವಚ್ಚಿಂದಿ’ ಒಂದೇ. ತಮಿಳಿನ ಬಾಯಿಮಾತಿನಲ್ಲಿ ‘ಅಕ್ಕಾ ವಂದುಚ್ಚು’ ಎನ್ನುವವರು ಬೇಕಾದಷ್ಟು ಮಂದಿ. ಹಳೇ ಮೈಸೂರಿನ ಹಳ್ಳಿಗಳಲ್ಲೂ ‘ಅಮ್ಮ ಬಂತು’ ನಡೆಯುತ್ತದೆ. ಮೂರೂ ನುಡಿಗಳು ಕೂಡಿ ಕೊಟ್ಟ ರೂಪವನ್ನು ಮಗು ಆಡಿದರೆ ತೊಡಕು ಮಗುವಿನದಲ್ಲ, ಅಳತೆಗೋಲಿನದು.

ಇದರ ತಿರುಗುಮುರುಗು ತಪ್ಪೂ ಇದೆ, ಅದೇ ಹೆಚ್ಚು ಅಪಾಯದ್ದು. “ಮೂರು ಭಾಷೆ ಅಲ್ವಾ, ಗೊಂದಲ ಆಗಿದೆ, ತಾನೇ ಸರಿಹೋಗ್ತದೆ” ಎಂದು ನಿಜವಾದ ತೊಡಕನ್ನು ತಳ್ಳಿಹಾಕುವುದು. ಹಲವು ನುಡಿ ಕೇಳುವುದರಿಂದ ಈ ತೊಡಕು ಬರುವುದಿಲ್ಲ. ಕೆನಡಾದಲ್ಲಿ ಜೊಹಾನ್ ಪ್ಯಾರಡಿಸ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಫ್ರೆಂಚ್, ಇಂಗ್ಲಿಷ್ ಎರಡನ್ನೂ ಆಡುವ ತೊಡಕಿನ ಮಕ್ಕಳು, ಒಂದೇ ನುಡಿಯ ತೊಡಕಿನ ಮಕ್ಕಳಿಗಿಂತ ಹಿಂದೆ ಬಿದ್ದಿರಲಿಲ್ಲ. ಹೊಸೂರಿಗೆ ಇನ್ನೂ ಹತ್ತಿರದ ಕೆಲಸ ಬಿ. ಲಕ್ಷ್ಮೀಬಾಯಿ ಅವರದು, ತಮಿಳು–ತೆಲುಗು ಎರಡನ್ನೂ ಒಟ್ಟಿಗೆ ಕಲಿಯುವ ಮಕ್ಕಳ ಧ್ವನಿ, ಪದಗಳನ್ನು ಕುರಿತ ಅವರ ಪುಸ್ತಕ 2000ರಲ್ಲಿ ಬಂತು. ನಿಜವಾದ ತೊಡಕು ಮಗು ಆಡುವ ಎಲ್ಲ ನುಡಿಗಳಲ್ಲೂ ಕಾಣಿಸಿಕೊಳ್ಳುತ್ತದೆ. ತಮಿಳು ಮೇಷ್ಟರ ಮುಂದೆ ಮೂಕನಾದ ಹುಡುಗ ಮನೆಯಲ್ಲಿ ಕುರಿ ತಪ್ಪಿಸಿಕೊಂಡ ಕಥೆಯನ್ನು ಕನ್ನಡದಲ್ಲಿ ಹಿಂದುಮುಂದಾಗದಂತೆ ಹೇಳಿದರೆ ಅವನಿಗೆ ಬೇಕಾದದ್ದು ತಮಿಳು ಪಾಠ, ಸ್ಪೀಚ್ ಥೆರಪಿ ಅಲ್ಲ. ಮನೆಯಲ್ಲೂ ಹೇಳಲಾರದೆ ಹೋದರೆ ಮೊದಲು ಕಿವಿ ಪರೀಕ್ಷೆ, ಆಮೇಲೆ ಭಾಷಾ ಪರೀಕ್ಷೆ. ಮನೆಮಾತು ಬಿಟ್ಟುಬಿಡಿ ಎಂಬ ಸಲಹೆಗೆ ಎರಡೂ ಕಡೆ ಆಧಾರವಿಲ್ಲ.

ತಮಿಳು ಬಾರದಿರುವುದನ್ನೂ ನಿಜವಾದ ತೊಡಕನ್ನೂ ಬೇರ್ಪಡಿಸುವುದು ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯಿದೆಯ ಬಳಿಕ ಹೆಚ್ಚು ಮುಖ್ಯವಾಗಿದೆ. 2006–07ರಲ್ಲಿ ಒಂದನೇ ತರಗತಿಗೆ ಕಡ್ಡಾಯವಾದ ತಮಿಳು, ವರ್ಷಕ್ಕೊಂದು ತರಗತಿ ಏರಿ 2015–16ಕ್ಕೆ ಹತ್ತನೇ ತರಗತಿ ಮುಟ್ಟಿತು. 2013ರಲ್ಲಿ ಕೇಂದ್ರ ಸರ್ಕಾರ ತಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ತಪಾಸಣೆಯ ಪಟ್ಟಿಯಲ್ಲಿ ಮಾತಿನ ತಡವನ್ನೂ ಸೇರಿಸಿದೆ, ಅಂಗನವಾಡಿಗೆ ಬರುವ ಅದರ ತಪಾಸಣಾ ತಂಡ ತಾಯಿಯನ್ನು “ಮನೇಲಿ ಯಾವ ಮಾತು?” ಎಂದು ಕೇಳಿಯೇ ಮುಂದುವರಿಯಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಬಗೆಗಳಲ್ಲಿ ‘ವಾಕ್ ಮತ್ತು ಭಾಷಾ ವೈಕಲ್ಯ’ ಇದೆ. ಆದರೆ ಅದರ ವ್ಯಾಖ್ಯೆ ಹೇಳುವುದು ಗಂಟಲಿನ ಧ್ವನಿಪೆಟ್ಟಿಗೆ ತೆಗೆದವರ, ಮೆದುಳಿಗೆ ಪೆಟ್ಟಾಗಿ ಮಾತು ಕಳೆದುಕೊಂಡವರಂಥ ಶಾಶ್ವತ ವೈಕಲ್ಯವನ್ನು. ಹುಟ್ಟಿನಿಂದ ಮಾತು ಕುಂಟುವ ಮಗುವಿನ ಹೆಸರು ಅದರಲ್ಲಿಲ್ಲ.