ಒಂದು ಕಪ್ಪು ಚುಕ್ಕೆಯ ಕಥೆ

ದಣಿದಾಗ ಬೆಕ್ಕಿನ ನರಕೋಶಗಳಲ್ಲಿ ಏನು ಬದಲಾವಣೆ ಆಗುತ್ತದೆ? ಕೆನಡಾದ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದ ಮರ್ರೆ ಬಾರ್ ಮತ್ತು ಅವರ ವಿದ್ಯಾರ್ಥಿ ಎವರ್ಟ್ ಬರ್ಟ್ರಮ್ ತಿಳಿಯಲು ಹೊರಟಿದ್ದು ಇಷ್ಟನ್ನೇ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೆಲವು ಬೆಕ್ಕುಗಳ ಕೋಶಕೇಂದ್ರದಲ್ಲಿ ಕಪ್ಪು ಚುಕ್ಕೆಯೊಂದು ಕಂಡಿತು. ಉಳಿದವುಗಳಲ್ಲಿ ಅದು ಇರಲಿಲ್ಲ. ದಾಖಲೆ ತೆಗೆದು ನೋಡಿದರೆ ಚುಕ್ಕೆ ಇದ್ದವು ಹೆಣ್ಣು, ಇಲ್ಲದವು ಗಂಡು! 1949ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಮುಂದೆ ಆ ಚುಕ್ಕೆಗೆ ಬಾರ್ ಅವರ ಹೆಸರೇ ನಿಂತಿತು.

ಚುಕ್ಕೆಯ ಗುಟ್ಟು ತಿಳಿಯಬೇಕಾದರೆ ಕೋಶಕೇಂದ್ರದೊಳಗೆ ಇಣುಕಬೇಕು. ಮನುಷ್ಯನ ಒಂದು ಜೀವಕೋಶದ ಡಿಎನ್‌ಎಯನ್ನು ಬಿಡಿಸಿ ಹಿಡಿದರೆ ಸುಮಾರು 2 ಮೀಟರ್ ಉದ್ದ. ಅಷ್ಟೂ ಅಡಗಿರುವುದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಪುಟ್ಟ ಜಾಗದಲ್ಲಿ. ದಿನಬಳಕೆಯ ಪಾತ್ರೆ ಕೈಗೆಟಕುವಂತಿರುತ್ತದೆ, ಬೇಡದ್ದು ಅಟ್ಟ ಸೇರುತ್ತದೆ. ಇಲ್ಲಿಯೂ ಹಾಗೆಯೇ. ಕೆಲಸದಲ್ಲಿರುವ ವಂಶವಾಹಿಗಳ ಸುತ್ತ ಡಿಎನ್‌ಎ ಸಡಿಲವಾಗಿರುತ್ತದೆ. ಉಳಿದದ್ದು ಬಿಗಿಯಾಗಿ ಸುತ್ತಿಕೊಂಡು, ಹೆಚ್ಚಾಗಿ ಕೋಶಕೇಂದ್ರದ ಅಂಚಿಗೆ ಒತ್ತಿಕೊಂಡಿರುತ್ತದೆ. ಬಿಗಿಯಾದ ಭಾಗ ಬಣ್ಣವನ್ನು ಹೆಚ್ಚು ಹೀರಿ ಕಪ್ಪಾಗಿ ಕಾಣುತ್ತದೆ. ಜರ್ಮನಿಯ ಎಮಿಲ್ ಹೈಟ್ಸ್ 1928ರಲ್ಲಿ ಪಾಚಿಸಸ್ಯಗಳಲ್ಲಿ ಇದನ್ನು ಗುರುತಿಸಿದ್ದರು.

ಎರಡು ವರ್ಷಗಳ ನಂತರ ಅಮೆರಿಕದ ಹರ್ಮನ್ ಮಲ್ಲರ್ ಹಣ್ಣಿನ ನೊಣಗಳ ಮೇಲೆ ಕ್ಷಕಿರಣ ಹಾಯಿಸಿದರು. ಕೆಂಪಾಗಿರಬೇಕಾದ ಕೆಲವು ನೊಣಗಳ ಕಣ್ಣು ಕೆಂಪು–ಬಿಳಿ ಮಚ್ಚೆಯಾಗಿತ್ತು. ಕಣ್ಣಿನ ಬಣ್ಣಕ್ಕೆ ಬೇಕಾದ ವಂಶವಾಹಿ ಕೆಟ್ಟಿರಲಿಲ್ಲ, ವರ್ಣತಂತು ಮುರಿದು ಕೂಡಿಕೊಂಡಾಗ ಅದರ ಜಾಗ ಬದಲಾಗಿತ್ತು. ಬಿಗಿ ಭಾಗದ ಪಕ್ಕ ಹೋಗಿ ಕುಳಿತದ್ದೇ ಅದು ಕೆಲವು ಕೋಶಗಳಲ್ಲಿ ಮೌನವಾಗಲು ಕಾರಣವೆಂದು ಮುಂದೆ ಸ್ಪಷ್ಟವಾಯಿತು. ವಂಶವಾಹಿ ಇದ್ದರಷ್ಟೇ ಸಾಲದು, ಎಲ್ಲಿದೆ ಎಂಬುದೂ ಮುಖ್ಯ.

ಬಾರ್ ಕಂಡ ಚುಕ್ಕೆ ಬಿಗಿಯಾಗಿ ಮುದುಡಿದ ಒಂದು ಎಕ್ಸ್ ವರ್ಣತಂತು ಎಂಬುದನ್ನು 1959ರಲ್ಲಿ ಸುಸುಮು ಓನೊ ತೋರಿಸಿದರು. ಹೆಣ್ಣಿನಲ್ಲಿ ಎರಡು ಎಕ್ಸ್, ಗಂಡಿನಲ್ಲಿ ಒಂದೇ. ಇಲಿಗಳ ಮೈಬಣ್ಣವನ್ನು ಅಭ್ಯಸಿಸುತ್ತಿದ್ದ ಇಂಗ್ಲೆಂಡಿನ ಮೇರಿ ಲಯಾನ್ 1961ರಲ್ಲಿ ಇದರ ಅರ್ಥ ಬಿಡಿಸಿದರು. ಹೆಣ್ಣು ಭ್ರೂಣದ ಪ್ರತಿ ಕೋಶವೂ ಎರಡರಲ್ಲಿ ಒಂದು ಎಕ್ಸನ್ನು ಮುಚ್ಚಿಬಿಡುತ್ತದೆ. ಯಾವುದನ್ನು ಎಂಬುದು ಚೀಟಿ ಎತ್ತಿದಂತೆ. ಕಪ್ಪು–ಕಿತ್ತಳೆ ಮಚ್ಚೆಗಳ ಬೆಕ್ಕನ್ನು ನೋಡಿ. ಕಿತ್ತಳೆಯ ವಂಶವಾಹಿ ಎಕ್ಸ್ ಮೇಲಿದೆ. ಒಂದು ಕಡೆಯ ಕೋಶಗಳಲ್ಲಿ ಒಂದು ಎಕ್ಸ್, ಇನ್ನೊಂದು ಕಡೆ ಮತ್ತೊಂದು ಎಕ್ಸ್ ಎಚ್ಚರವಾಗಿರುವುದರಿಂದಲೇ ಆ ಮಚ್ಚೆಗಳು. ಅಂಥ ಬೆಕ್ಕುಗಳು ಬಹುತೇಕ ಹೆಣ್ಣೇ. ಎಕ್ಸನ್ನು ಮುಚ್ಚುವ ‘ಎಕ್ಸ್‌ಐಎಸ್‌ಟಿ’ ಎಂಬ ವಂಶವಾಹಿ 1991ರಲ್ಲಿ ಪತ್ತೆಯಾಯಿತು. ಅದರಿಂದ ಹೊರಟ ಆರ್‌ಎನ್‌ಎ ಆ ವರ್ಣತಂತುವನ್ನೇ ಹೊದಿಕೆಯಂತೆ ಆವರಿಸಿ ಮೌನವಾಗಿಸುತ್ತದೆ. ಆದರೂ ಕೆಲವು ವಂಶವಾಹಿಗಳು ತಪ್ಪಿಸಿಕೊಂಡು ಕೆಲಸ ಮಾಡುತ್ತಲೇ ಇರುತ್ತವೆ.

ಹೀಗೆ, ಚುಕ್ಕೆ ಹೇಳುವುದು ಒಂದು ಎಕ್ಸ್ ಮುಚ್ಚಿದೆ ಎಂಬ ಮಾತನ್ನು ಮಾತ್ರ. ಕ್ರೀಡಾ ಜಗತ್ತು ಅದನ್ನೇ ಹೆಣ್ತನದ ಪ್ರಮಾಣಪತ್ರ ಮಾಡಿಕೊಂಡಿತು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಗಳ ಕೆನ್ನೆಯ ಒಳಭಾಗದ ಕೋಶ ಕೆರೆದು ಚುಕ್ಕೆ ಹುಡುಕಲಾಯಿತು. ಒಂದೇ ಎಕ್ಸ್ ಇರುವ ಹೆಂಗಸರಲ್ಲಿ ಚುಕ್ಕೆ ಇರದು, ಎರಡು ಎಕ್ಸ್ ಜೊತೆಗೆ ವೈ ಕೂಡ ಇರುವ ಗಂಡಸರಲ್ಲಿ ಇರುತ್ತದೆ. ಫಿನ್ಲೆಂಡಿನ ವಂಶವಾಹಿ ತಜ್ಞ ಆಲ್ಬರ್ಟ್ ಡಿ ಲಾ ಶಪೆಲ್ ಈ ಪರೀಕ್ಷೆಯನ್ನು ಬಲವಾಗಿ ವಿರೋಧಿಸಿದರು.

1985ರಲ್ಲಿ ಜಪಾನಿನ ಕೋಬೆಯ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ ಹೋದ ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೋಸೆ ಮಾರ್ಟಿನೆಸ್ ಪಟಿನೊ ಅವರ ಕೋಶಗಳಲ್ಲಿ ಚುಕ್ಕೆ ಸಿಗಲಿಲ್ಲ. ಅವರ ವರ್ಣತಂತುಗಳು ಎಕ್ಸ್–ವೈ. ಆದರೆ ಟೆಸ್ಟೊಸ್ಟೆರಾನ್‌ಗೆ ಅವರ ದೇಹ ಸ್ಪಂದಿಸುತ್ತಿರಲಿಲ್ಲ, ಹುಟ್ಟಿನಿಂದ ಹೆಣ್ಣಾಗಿಯೇ ಬೆಳೆದಿದ್ದರು. ಆ ಹಾರ್ಮೋನನ್ನು ಗುರುತಿಸುವ ವಂಶವಾಹಿ ಎಕ್ಸ್ ಮೇಲೆಯೇ ಇರುತ್ತದೆ. ಅದು ಕೆಟ್ಟಿದೆಯೋ ಸರಿಯಿದೆಯೋ, ಯಾವ ಚುಕ್ಕೆಯೂ ಹೇಳದು. ಮರುವರ್ಷ ವಿಷಯ ಪತ್ರಿಕೆಗಳಿಗೆ ಸೋರಿತು. ಪದಕ, ವಿದ್ಯಾರ್ಥಿವೇತನ, ಮದುವೆಯಾಗಬೇಕಿದ್ದ ಹುಡುಗ ಎಲ್ಲವನ್ನೂ ಅವರು ಕಳೆದುಕೊಂಡರು. ಹೋರಾಡಿ 1988ರಲ್ಲಿ ಅರ್ಹತೆ ಮರಳಿ ಪಡೆದರಾದರೂ ಓಟಗಾರ್ತಿಯ ಅಮೂಲ್ಯ ವರ್ಷಗಳು ಮರಳಲಿಲ್ಲ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಅವರು ಕೂದಲೆಳೆಯ ಅಂತರದಲ್ಲಿ ಅರ್ಹತೆ ತಪ್ಪಿಸಿಕೊಂಡರು.

ಎಲ್ಲ ಸ್ಪರ್ಧಿಗಳಿಗೂ ನಡೆಸುತ್ತಿದ್ದ ಪರೀಕ್ಷೆಯನ್ನು ಒಲಿಂಪಿಕ್ ಸಮಿತಿ 1999ರಲ್ಲಿ ಕೈಬಿಟ್ಟಿತು. 2025ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಮಹಿಳಾ ಸ್ಪರ್ಧಿಗಳಿಗೆ ‘ಎಸ್‌ಆರ್‌ವೈ’ ಎಂಬ ವಂಶವಾಹಿಯ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಟೆಸ್ಟೊಸ್ಟೆರಾನ್‌ಗೆ ದೇಹ ಸ್ವಲ್ಪವೂ ಸ್ಪಂದಿಸದವರಿಗೆ ಅದರಲ್ಲಿ ವಿನಾಯಿತಿ ಇದೆ. ಅಷ್ಟರಮಟ್ಟಿಗೆ ಪಟಿನೊ ಪಟ್ಟ ಪಾಡು ವ್ಯರ್ಥವಾಗಲಿಲ್ಲ. ವಂಶವಾಹಿ ಇದೆಯೇ ಎಂದು ಕೇಳುವುದು ಸುಲಭ. ಅದು ಎಲ್ಲಿದೆ, ತೆರೆದಿದೆಯೋ ಮುಚ್ಚಿದೆಯೋ, ದೇಹ ಅದರ ಮಾತು ಕೇಳುತ್ತಿದೆಯೋ ಎಂದು ಕೇಳದೆ ತೀರ್ಪು ಕೊಟ್ಟರೆ ಬೆಲೆ ತೆರುವವರು ಬೇರೆಯವರು.