ಧವಲಾ ಪ್ರತಿಗಳ ಸಂತತಿ ಮತ್ತು ಸ್ವಾಮ್ಯ

ಒಂದೇ ಗ್ರಂಥದ ಪ್ರತಿಗಳು ಹಲವು ಭಂಡಾರಗಳಲ್ಲಿ ಹರಡಿರುವಾಗ ಸಂಶೋಧಕನಿಗೆ ಎರಡು ಪ್ರಶ್ನೆಗಳು ಎದುರಾಗುತ್ತವೆ. ಈ ಪ್ರತಿಯು ಯಾವ ಮಾತೃಕೆಯಿಂದ ಹುಟ್ಟಿತು? ಇದು ಯಾರ ಕೈಯಿಂದ ಯಾರ ಕೈಗೆ ಸಂದಿತು? ಮೊದಲನೆಯದು ಪಾಠದ ಪ್ರಶ್ನೆ, ಎರಡನೆಯದು ಸ್ವಾಮ್ಯದ ಪ್ರಶ್ನೆ. ಇವೆರಡನ್ನೂ ಬೇರೆ ಬೇರೆಯಾಗಿಯೇ ದಾಖಲಿಸಬೇಕೆಂಬುದಕ್ಕೆ ಷಟ್ಖಂಡಾಗಮದ ಧವಲಾ ಟೀಕೆಯ ಚರಿತ್ರೆಗಿಂತ ಉತ್ತಮ ನಿದರ್ಶನವಿಲ್ಲ.

ವೀರಸೇನಾಚಾರ್ಯರ ಈ ಟೀಕೆಯ ಹಳಗನ್ನಡ ಲಿಪಿಯ ತಾಡಪತ್ರಪ್ರತಿಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಪೂಜಾವಸ್ತುಗಳಾಗಿ ರಕ್ಷಿತವಾಗಿದ್ದವು. ಪ್ರಾಚೀನರು ಸ್ವಾಮ್ಯವನ್ನು ಮರೆತವರಲ್ಲ. ದೇಮಿಯಕ್ಕನೆಂಬ ಶ್ರಾವಿಕೆಯು ಶ್ರುತಪಂಚಮೀ ವ್ರತದ ಉದ್ಯಾಪನೆಯಲ್ಲಿ ಬನ್ನಿಕೆರೆಯ ಶುಭಚಂದ್ರ ಸಿದ್ಧಾಂತದೇವರಿಗೆ ಧವಲಾ ಪ್ರತಿಯನ್ನು ಶಾಸ್ತ್ರದಾನ ಮಾಡಿದ ಸಂಗತಿಯು ಪ್ರಶಸ್ತಿಯಿಂದ ತಿಳಿಯುತ್ತದೆ. ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆಯು ಮಾಘನಂದಿ ಮುನಿಗಳಿಗೆ ಅರ್ಪಿಸಿದಳು. ಬರೆಯಿಸಿದವರಾರು, ಪಡೆದವರಾರು ಎಂಬುದು ಓಲೆಯಲ್ಲಿಯೇ ಉಳಿದುಬಂದಿದೆ.

ಆಧುನಿಕ ಕಾಲದ ಪ್ರತಿಗಳಿಗೆ ಈ ಭಾಗ್ಯವಿರಲಿಲ್ಲ. ಮುಂಬಯಿಯ ಸೇಠ್ ಮಾಣಿಕಚಂದ್ರರೂ ಸೊಲ್ಲಾಪುರದ ಸೇಠ್ ಹೀರಾಚಂದ ನೇಮಿಚಂದರೂ ಮಾಡಿದ ಪ್ರಯತ್ನದ ಫಲವಾಗಿ 1896ರಲ್ಲಿ ಬ್ರಹ್ಮಸೂರಿ ಶಾಸ್ತ್ರಿಗಳು ಮತ್ತು ಗಜಪತಿ ಉಪಾಧ್ಯಾಯರಿಂದ ಪ್ರತಿಲೇಖನವು ಆರಂಭವಾಯಿತು. ಪ್ರತಿಗಳು ಮೂಡುಬಿದಿರೆಯಿಂದ ಹೊರಹೋಗಕೂಡದೆಂಬುದು ಅಲ್ಲಿಯವರ ನಿಲುವಾಗಿತ್ತು. ಆದರೆ ಗಜಪತಿ ಉಪಾಧ್ಯಾಯರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಪ್ತವಾಗಿ ಸಿದ್ಧಪಡಿಸಿದ ಕನ್ನಡ ಲಿಪಿಯ ಪ್ರತಿಯು ಸಹಾರನಪುರದ ಲಾಲಾ ಜಂಬೂಪ್ರಸಾದರ ಮಂದಿರವನ್ನು ಸೇರಿತು. ಅಲ್ಲಿ ಅದನ್ನು ನಾಗರಿಗೆ ತಿರುಗಿಸಿದ ಸೀತಾರಾಮ ಶಾಸ್ತ್ರಿಗಳು ತಮಗಾಗಿಯೂ ಒಂದು ಪ್ರತಿಯನ್ನು ಇರಿಸಿಕೊಂಡರು. ಆರಾ, ಕಾರಂಜಾ ಮೊದಲಾದ ಕಡೆಗಳ ಪ್ರತಿಗಳು ಇದರ ಸಂತತಿಯೇ.

1939ರಲ್ಲಿ ಹೀರಾಲಾಲ ಜೈನರು ಅಮರಾವತಿಯಿಂದ ಪ್ರಥಮ ಸಂಪುಟವನ್ನು ಪ್ರಕಟಿಸಿದಾಗ ಅವರಿಗೆ ಆಧಾರವಾಗಿದ್ದುದು ಈ ಸಂತತಿಯೇ. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಪದವು ಈ ಪ್ರತಿಗಳಲ್ಲಿರಲಿಲ್ಲ. ಟೀಕೆಯ ಅರ್ಥವನ್ನು ಪರಿಶೀಲಿಸಿದ ಸಂಪಾದಕರು ಅದು ಬಿಟ್ಟುಹೋಗಿರಬೇಕೆಂದು ಅಡಿಟಿಪ್ಪಣಿಯಲ್ಲಿ ಊಹಿಸಿದರು. ಇದರಿಂದ ದೊಡ್ಡ ವಿವಾದವೆದ್ದಿತು. ಪದವಿದ್ದರೆ ಸೂತ್ರೋಕ್ತ ಮನುಷ್ಯಿನಿಗೆ ಸಂಯತ ಗುಣಸ್ಥಾನಗಳೂ ಹೇಳಲ್ಪಡುತ್ತವೆ. ಆಗ ಅದನ್ನು ಭಾವವೇದದ ದೃಷ್ಟಿಯಿಂದ ಗ್ರಹಿಸಬೇಕಾಗುತ್ತದೆ. ಪದವಿಲ್ಲದಿದ್ದರೆ ಅದು ದ್ರವ್ಯವೇದದ ಸೂತ್ರವಾಗಿ ಐದೇ ಗುಣಸ್ಥಾನಗಳಿಗೆ ಸೀಮಿತವಾಗುತ್ತದೆ. ಸ್ತ್ರೀಮುಕ್ತಿಯ ಚರ್ಚೆಯೇ ಒಂದು ಪದವನ್ನು ಆಶ್ರಯಿಸಿ ನಿಂತಿತು. ಮುಂದೆ ಮೂಡುಬಿದಿರೆಯವರ ಔದಾರ್ಯದಿಂದ ತಾಡಪತ್ರದೊಡನೆ ಪಾಠವನ್ನು ತಾಳೆನೋಡಿದಾಗ ‘ಸಂಜದ’ ಪದವು ಅಲ್ಲಿ ದೊರೆಯಿತು.

ಇಲ್ಲಿ ಗಮನಾರ್ಹವಾದುದೊಂದಿದೆ. ಹಲವು ಊರುಗಳ ಪ್ರತಿಗಳು ಒಕ್ಕೊರಲಿನಿಂದ ಪದವನ್ನು ಬಿಟ್ಟಿದ್ದರೂ ಅವು ಹಲವು ಸಾಕ್ಷಿಗಳಲ್ಲ. ಒಂದೇ ಸಾಕ್ಷಿಯ ಪುನರುಕ್ತಿಗಳು. ಪ್ರತಿಗಳ ಸಂಖ್ಯೆಯು ಪ್ರಮಾಣವಲ್ಲ, ಸಂತತಿಯೇ ಪ್ರಮಾಣ.

ಈ ತತ್ತ್ವವನ್ನು ಇಂದಿನ ಗಣಕ ವಿಜ್ಞಾನವೂ ತನ್ನದೇ ಮಾರ್ಗದಲ್ಲಿ ಅಳವಡಿಸಿಕೊಂಡಿದೆ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ನಿರ್ಮಿಸಿದ ‘ಗಿಟ್’ ಎಂಬ ವ್ಯವಸ್ಥೆಯಲ್ಲಿ ಕೃತಿಯ ಸಮಗ್ರ ಭಂಡಾರವನ್ನೇ ಹಲವು ಸ್ಥಳಗಳಲ್ಲಿ ಪ್ರತಿಮಾಡಿಡಬಹುದು. ಪ್ರತಿಯೊಂದು ಆವೃತ್ತಿಯ ಗುರುತನ್ನು ಅದರ ವಿಷಯ ಹಾಗೂ ಅದರ ಮಾತೃಕೆಯ ಗುರುತು ಎರಡನ್ನೂ ಸೇರಿಸಿ ಗಣಿಸುತ್ತಾರೆ. ಆದುದರಿಂದ ಎರಡು ಭಂಡಾರಗಳ ಆವೃತ್ತಿಗಳಿಗೆ ಸಮಾನ ಮೂಲವಿದೆಯೇ ಎಂಬುದು ಸುಲಭವಾಗಿ ತಿಳಿಯುತ್ತದೆ. ಕರ್ತೃವಿನ ಹೆಸರು, ಸೇರಿಸಿದವನ ಹೆಸರು ಬೇರೆ ಬೇರೆಯಾಗಿ ದಾಖಲಾಗುತ್ತವೆ; ಗ್ರಂಥಕರ್ತೃ ಮತ್ತು ಲಿಪಿಕಾರರ ಭೇದದಂತೆಯೇ ಇದು. ಆದರೆ ಆ ಹೆಸರುಗಳು ಬರೆದವನು ಬರೆದಂತೆ ಇರುತ್ತವೆ. ಗೂಢಲಿಪಿಯ ಮುದ್ರೆಯಿಲ್ಲದೆ ಅವುಗಳ ಸತ್ಯತೆ ಸಿದ್ಧವಾಗದು, ಮತ್ತು ಸ್ವಾಮ್ಯದ ನಿರ್ಣಯವು ಆ ಗುರುತಿನಿಂದ ಆಗುವಂಥದಲ್ಲ. ಪಾಠದ ಐಕ್ಯವು ಸ್ವಾಮ್ಯದ ಐಕ್ಯವಲ್ಲ.

ಭಂಡಾರಗಳ ಓಲೆಗಳು ಛಾಯಾಪ್ರತಿಗಳಾಗಿ ದೇಶವಿದೇಶಗಳಿಗೆ ಹರಡುತ್ತಿರುವ ಈ ಕಾಲದಲ್ಲಿ ಸೂಚೀಪತ್ರಗಳಲ್ಲಿ ಮೂರು ಅಂಶಗಳು ಇರಲೇಬೇಕು: ಯಾವ ಮಾತೃಕೆಯಿಂದ ಬಂದುದು, ಯಾರು ಪ್ರತಿಮಾಡಿದರು, ಯಾರ ಅನುಮತಿಯಿಂದ. ದೇಮಿಯಕ್ಕನ ದಾನವನ್ನು ಓಲೆಯಲ್ಲಿ ದಾಖಲಿಸಿದ ಪ್ರಾಚೀನರ ಎಚ್ಚರವು ಸೂಚೀಕಾರರಿಗೂ ಕರ್ತವ್ಯವೇ ಆಗಿದೆ. ಅದು ತಪ್ಪಿದಲ್ಲಿ ಮತ್ತೊಂದು ‘ಸಂಜದ’ ಪದವು ಲುಪ್ತವಾದಾಗ ಅದನ್ನು ಹುಡುಕಲು ಯಾವ ಬಸದಿಯ ಬಾಗಿಲನ್ನು ತಟ್ಟಬೇಕೆಂಬುದೇ ತಿಳಿಯದಾದೀತು.